ಪುಟ ಸಂಖ್ಯೆ ಹಾಕುವುದು: ವರ್ಡ್ ಕಡತದಿಂದ ಬೈಂಡಿಂಗ್ ಅಂಗಡಿಯವರೆಗೆ

ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಾಜೆಕ್ಟ್ ವರದಿ ಸಲ್ಲಿಸುವ ವಾರ ಬಂತೆಂದರೆ ಹೊತ್ತು ತಿನ್ನುವುದು ಪ್ರಿಂಟೂ ಅಲ್ಲ, ಬೈಂಡಿಂಗೂ ಅಲ್ಲ, ಪುಟ ಸಂಖ್ಯೆ. ಪರಿವಿಡಿಯಲ್ಲಿ ಮೂರನೇ ಅಧ್ಯಾಯ 41ನೇ ಪುಟ ಎಂದಿರುತ್ತದೆ, ತೆಗೆದು ನೋಡಿದರೆ 44. ಮುಖಪುಟದ ಅಡಿಯಲ್ಲಿ ದೊಡ್ಡದಾಗಿ 1 ಕೂತಿರುತ್ತದೆ. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಎಣಿಕೆ ಮತ್ತೆ 1ರಿಂದ ಶುರುವಾಗಿರುತ್ತದೆ. ಕೋರ್ಟಿಗೆ ಹಾಕುವ ದಾಖಲೆಗಳ ಪಾಡು ಇನ್ನೊಂದು ಬಗೆ: ಪಹಣಿ, ಮ್ಯುಟೇಶನ್, ಕ್ರಯಪತ್ರ, ಹಳೇ ಅರ್ಜಿ, ಒಂದೊಂದಕ್ಕೂ ಅದರದೇ ಸಂಖ್ಯೆ ಇರುತ್ತದೆ, ಒಟ್ಟು ಕಡತಕ್ಕೆ ಮಾತ್ರ ಇರುವುದಿಲ್ಲ.

ಎರಡಕ್ಕೂ ಮದ್ದು ಬೇರೆ ಬೇರೆ. ನೀವೇ ಬರೆಯುತ್ತಿರುವ ಕಡತಕ್ಕೆ ವರ್ಡ್‌ನಲ್ಲೇ ಸಂಖ್ಯೆ ಹಾಕಬೇಕು. ಹತ್ತು ಕಡೆಯಿಂದ ತಂದು ಜೋಡಿಸಿದ ಕಡತಕ್ಕೆ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದ ಮೇಲೆ, ಕೊನೆಯಲ್ಲಿ, ಒಂದೇ ಸಲ ಹಾಕಬೇಕು. ಇವೆರಡನ್ನು ಅದಲು ಬದಲು ಮಾಡಿದರೆ ದುಪ್ಪಟ್ಟು ಕೆಲಸ.

ಮೊದಲು ಒಂದು ಚೀಟಿ

ಕಂಪ್ಯೂಟರ್ ಮುಟ್ಟುವ ಮುಂಚೆ ಕಡತದ ಭಾಗಗಳನ್ನು ಸಾಲಾಗಿ ಬರೆದುಕೊಳ್ಳಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಮೇಲೆ ಒಂದು ಎಂ.ಕಾಂ. ಪ್ರಾಜೆಕ್ಟ್ ಇದೆ ಎಂದುಕೊಳ್ಳಿ. ಚೀಟಿ ಹೀಗಿರುತ್ತದೆ:

ಮುಖಪುಟ: ಸಂಖ್ಯೆ ಕಾಣಬಾರದು, ಆದರೆ ಎಣಿಕೆಗೆ ಸೇರುತ್ತದೆ.
ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಪರಿವಿಡಿ, ಕೋಷ್ಟಕಗಳ ಪಟ್ಟಿ: ಸಣ್ಣ ರೋಮನ್ ಅಂಕಿ.
ಅಧ್ಯಾಯ ಒಂದರಿಂದ ಐದು: 1ರಿಂದ ಶುರು, ಕೊನೆಯವರೆಗೂ ನಿಲ್ಲದೆ.
ಗ್ರಂಥಸೂಚಿ, ಅನುಬಂಧ, ಪ್ರಶ್ನಾವಳಿ: ಅದೇ ಎಣಿಕೆ ಮುಂದುವರಿಕೆ.

ಸಂಖ್ಯೆ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿಮ್ಮ ವಿಭಾಗ ಕೊಟ್ಟಿರುವ ಸೂಚನೆಯಲ್ಲೇ ನೋಡಿ. ಸ್ನೇಹಿತರ ಕಳೆದ ವರ್ಷದ ವರದಿಯನ್ನು ನಂಬಬೇಡಿ. ಸೂಚನೆ ಏನೂ ಇಲ್ಲದಿದ್ದರೆ ಕೆಳಗೆ ಮಧ್ಯದಲ್ಲಿ, 11 ಅಥವಾ 12 ಪಾಯಿಂಟ್. ಅಲಂಕಾರದ ಗೆರೆ, ಬಣ್ಣದ ಚೌಕ ಬೇಡ. ವರ್ಡ್ ಅವನ್ನು ಕೊಡುತ್ತದೆ ಅಂತ ಹಾಕಲೇಬೇಕೆಂದಿಲ್ಲ.

ಈ ಚೀಟಿಯ ಪ್ರಕಾರ ಸಂಖ್ಯೆಯ ರೀತಿ ಒಂದು ಕಡೆ ಮಾತ್ರ ಬದಲಾಗುತ್ತಿದೆ: ಪಟ್ಟಿಗಳು ಮುಗಿದು ಮೊದಲ ಅಧ್ಯಾಯ ಶುರುವಾಗುವಲ್ಲಿ. ಹಾಗಾಗಿ ನಿಮಗೆ ಬೇಕಿರುವುದು ಒಂದೇ ಸೆಕ್ಷನ್ ಬ್ರೇಕ್, ಅಂದರೆ ಕಡತವನ್ನು ಬೇರೆ ಬೇರೆ ರೂಪದ ಭಾಗಗಳಾಗಿ (ಸೆಕ್ಷನ್) ಒಡೆಯುವ ಗುರುತು. ಅಧ್ಯಾಯಕ್ಕೊಂದು, ಅನುಬಂಧಕ್ಕೊಂದು ಎಂದು ಹತ್ತು ಹಾಕಿಕೊಂಡವರೇ ಆಮೇಲೆ ಒದ್ದಾಡುವುದು. ಹೊಸ ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಬೇಕಾದರೆ ಕಂಟ್ರೋಲ್ ಮತ್ತು ಎಂಟರ್ ಒತ್ತಿ ಬರುವ ಮಾಮೂಲಿ ಪೇಜ್ ಬ್ರೇಕ್ ಸಾಕು.

ವರ್ಡ್‌ನಲ್ಲಿ ಸರಳ ಕಡತ

ಐದಾರು ಪುಟದ ಅರ್ಜಿ, ಸಭೆಯ ನಡವಳಿ, ಸಂಘದ ವಾರ್ಷಿಕ ವರದಿ ಇಂಥವಕ್ಕೆ ಇಷ್ಟೇ: ಮೇಲಿನ ಪಟ್ಟಿಯಲ್ಲಿ 'ಇನ್ಸರ್ಟ್', ಅದರಲ್ಲಿ 'ಪೇಜ್ ನಂಬರ್', 'ಬಾಟಮ್ ಆಫ್ ಪೇಜ್', 'ಪ್ಲೇನ್ ನಂಬರ್ 2'. ಎರಡನೆಯದು ಮಧ್ಯಕ್ಕೆ, ಮೂರನೆಯದು ಬಲಕ್ಕೆ ಬರುತ್ತದೆ. ಮೊದಲ ಪುಟದಲ್ಲಿ ಸಂಖ್ಯೆ ಬೇಡವಾದರೆ ಫೂಟರ್, ಅಂದರೆ ಪುಟದ ಕೆಳ ಅಂಚಿನ ಜಾಗದ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಮೇಲೆ ತೆರೆಯುವ ಪಟ್ಟಿಯಲ್ಲಿ 'ಡಿಫರೆಂಟ್ ಫಸ್ಟ್ ಪೇಜ್' ಗುರುತು ಹಾಕಿ. ಹೊರಬರಲು ಎಸ್ಕೇಪ್.

ಫೂಟರ್‌ನಲ್ಲಿ ಕೈಯಾರೆ 1 ಎಂದು ಟೈಪ್ ಮಾಡಬೇಡಿ. ಹಾಗೆ ಮಾಡಿದರೆ ಎಲ್ಲ ಪುಟದಲ್ಲೂ 1 ಎಂದೇ ಬರುತ್ತದೆ. ಅಲ್ಲಿ ಇರಬೇಕಾದದ್ದು ಅಂಕಿ ಅಲ್ಲ, ಫೀಲ್ಡ್, ಅಂದರೆ ಪ್ರತಿ ಪುಟದಲ್ಲೂ ಲೆಕ್ಕ ಹಾಕಿ ತೋರಿಸುವ ಒಂದು ಸೂತ್ರ. ಗುರುತಿಸುವುದು ಸುಲಭ: ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಹಿಂದೆ ಬೂದು ಬಣ್ಣ ಬಂದರೆ ಫೀಲ್ಡ್, ಬರದಿದ್ದರೆ ಟೈಪ್ ಮಾಡಿದ್ದು. ಫೂಟರ್ ಒಳಗೆ ಕರ್ಸರ್ ಇಟ್ಟು ಆಲ್ಟ್, ಶಿಫ್ಟ್, ಪಿ ಮೂರನ್ನೂ ಒಟ್ಟಿಗೆ ಒತ್ತಿದರೆ ಫೀಲ್ಡ್ ನೇರವಾಗಿ ಬಂದು ಕೂರುತ್ತದೆ.

ಒಮ್ಮೊಮ್ಮೆ ಅಂಕಿಯ ಬದಲು ಹೂವಿನ ಆವರಣದೊಳಗೆ ಪೇಜ್ ಎಂದು ಇಂಗ್ಲಿಷ್‌ನಲ್ಲಿ ಕಾಣಿಸಿಕೊಂಡು ಗಾಬರಿ ಹುಟ್ಟಿಸುತ್ತದೆ. ಏನೂ ಕೆಟ್ಟಿಲ್ಲ, ಫೀಲ್ಡ್‌ನ ಒಳಸೂತ್ರ ತೋರಿಸುವ ಸ್ವಿಚ್ ಆನ್ ಆಗಿದೆ. ಆಲ್ಟ್ ಮತ್ತು ಎಫ್9 ಒತ್ತಿ, ಅಂಕಿ ವಾಪಸ್ ಬರುತ್ತದೆ.

ರೋಮನ್ ಮುಗಿದು 1 ಶುರುವಾಗುವ ಜಾಗ

ತೊಂದರೆಯ ಮುಕ್ಕಾಲು ಪಾಲು ಇಲ್ಲೇ. ಕ್ರಮ ತಪ್ಪಿಸಬೇಡಿ, ಕೆಳಗಿನ ಮೂರನೇ ಹೆಜ್ಜೆಗೂ ನಾಲ್ಕನೇ ಹೆಜ್ಜೆಗೂ ಅದಲು ಬದಲಾದರೆ ಮಾಡಿದ್ದೆಲ್ಲ ಹಾಳು.

1. 'ಹೋಮ್' ಪಟ್ಟಿಯಲ್ಲಿ ತಿರುವಿದ ಪಿ ಅಕ್ಷರದಂತಿರುವ ಗುಂಡಿ ಒತ್ತಿ. ಕಡತದಲ್ಲಿ ಅಡಗಿರುವ ಬ್ರೇಕ್‌ಗಳೆಲ್ಲ ಚುಕ್ಕೆ ಗೆರೆಯಾಗಿ ಕಾಣುತ್ತವೆ. ಮೊದಲ ಅಧ್ಯಾಯದ ಮುಂಚೆ ಈಗಾಗಲೇ ಪೇಜ್ ಬ್ರೇಕ್ ಇದ್ದರೆ ಅಳಿಸಿ. ಅದನ್ನು ಹಾಗೇ ಉಳಿಸಿ ಸೆಕ್ಷನ್ ಬ್ರೇಕ್ ಕೂಡ ಹಾಕಿದರೆ ನಡುವೆ ಒಂದು ಖಾಲಿ ಪುಟ ಹುಟ್ಟುತ್ತದೆ.

2. ಮೊದಲ ಅಧ್ಯಾಯದ ಶೀರ್ಷಿಕೆಯ ಮೊದಲ ಅಕ್ಷರದ ಎಡಕ್ಕೆ ಕರ್ಸರ್ ಇಡಿ. 'ಲೇಔಟ್', 'ಬ್ರೇಕ್ಸ್', 'ಸೆಕ್ಷನ್ ಬ್ರೇಕ್ಸ್' ಅಡಿಯಲ್ಲಿರುವ 'ನೆಕ್ಸ್ಟ್ ಪೇಜ್'. ಎರಡೂ ಬದಿ ಪ್ರಿಂಟ್ ಮಾಡಿಸುವುದಾದರೆ ಅದರ ಬದಲು 'ಆಡ್ ಪೇಜ್', ಆಗ ಅಧ್ಯಾಯ ಬಲಗಡೆಯ ಪುಟದಲ್ಲೇ ತೆರೆಯುತ್ತದೆ.

3. ಮೊದಲ ಅಧ್ಯಾಯದ ಮೊದಲ ಪುಟದ ಫೂಟರ್‌ನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಮೇಲಿನ ಪಟ್ಟಿಯಲ್ಲಿ 'ಲಿಂಕ್ ಟು ಪ್ರೀವಿಯಸ್' ಬೆಳಗುತ್ತಿರುತ್ತದೆ. ಅದನ್ನು ಒತ್ತಿ ಆಫ್ ಮಾಡಿ. ಫೂಟರ್‌ನ ಬಲಕ್ಕೆ ಅಂಟಿಕೊಂಡಿದ್ದ 'ಸೇಮ್ ಆ್ಯಸ್ ಪ್ರೀವಿಯಸ್' ಎಂಬ ಚೀಟಿ ಮಾಯವಾಗಬೇಕು. ಅದು ಹೋಗುವವರೆಗೂ ಮುಂದಿನ ಹೆಜ್ಜೆ ಇಡಬೇಡಿ.

4. ಈಗ ಆ ಫೂಟರ್‌ಗೆ ಸಂಖ್ಯೆ ಹಾಕಿ. ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ 'ಫಾರ್ಮ್ಯಾಟ್ ಪೇಜ್ ನಂಬರ್ಸ್' ತೆರೆಯಿರಿ. ರೀತಿ 1, 2, 3. ಕೆಳಗೆ 'ಸ್ಟಾರ್ಟ್ ಆ್ಯಟ್' ಆಯ್ದು 1 ಎಂದು ಕೊಡಿ.

5. ಮೇಲಕ್ಕೆ ಹೋಗಿ ಪ್ರಮಾಣಪತ್ರದ ಪುಟದ ಫೂಟರ್ ತೆರೆಯಿರಿ. ಸಂಖ್ಯೆ ಹಾಕಿ, ರೀತಿಯನ್ನು ಸಣ್ಣ ರೋಮನ್‌ಗೆ ಬದಲಿಸಿ. 'ಡಿಫರೆಂಟ್ ಫಸ್ಟ್ ಪೇಜ್' ಗುರುತು ಹಾಕಿದರೆ ಮುಖಪುಟ ಬರಿದಾಗಿ, ಪ್ರಮಾಣಪತ್ರಕ್ಕೆ ರೋಮನ್ ಎರಡು ಬರುತ್ತದೆ.

6. ಮೊದಲ ಅಧ್ಯಾಯಕ್ಕೆ ಮರಳಿ ನೋಡಿ. ಮೊದಲ ಪುಟದಲ್ಲಿ 1 ಕಾಣದೆ ಎರಡನೇ ಪುಟದಿಂದ 2 ಕಾಣುತ್ತಿದ್ದರೆ, ಆ ಸೆಕ್ಷನ್‌ಗೂ 'ಡಿಫರೆಂಟ್ ಫಸ್ಟ್ ಪೇಜ್' ಅಂಟಿಕೊಂಡಿದೆ. ಇಲ್ಲಿ ಗುರುತು ತೆಗೆಯಿರಿ.

ಸೆಕ್ಷನ್ ಒಡೆದ ಮಾತ್ರಕ್ಕೆ ಫೂಟರ್ ಬೇರೆಯಾಗುವುದಿಲ್ಲ. ಹೊಸ ಸೆಕ್ಷನ್ ಹಿಂದಿನದರ ಫೂಟರನ್ನೇ ಹಂಚಿಕೊಂಡು ಹುಟ್ಟುತ್ತದೆ. ಲಿಂಕ್ ಕಡಿಯದೆ ಕೆಳಗೆ ಅಳಿಸಿದರೆ ಮೇಲೂ ಅಳಿಸುತ್ತದೆ. ಇನ್ನೂ ಒಂದು ಮರ್ಮವಿದೆ: ಒಂದು ಸೆಕ್ಷನ್‌ಗೆ ಫೂಟರ್ ಒಂದೇ ಇರಬೇಕೆಂದಿಲ್ಲ. 'ಡಿಫರೆಂಟ್ ಫಸ್ಟ್ ಪೇಜ್' ಹಾಕಿದರೆ ಮೊದಲ ಪುಟಕ್ಕೊಂದು, ಉಳಿದವಕ್ಕೊಂದು. 'ಡಿಫರೆಂಟ್ ಆಡ್ ಅಂಡ್ ಈವನ್' ಕೂಡ ಹಾಕಿದರೆ ಒಟ್ಟು ಮೂರು. ಮೂರಕ್ಕೂ ಲಿಂಕ್ ಬೇರೆ ಬೇರೆ. ಒಂದರ ಲಿಂಕ್ ಕಡಿದು ಉಳಿದೆರಡನ್ನು ಮರೆತಾಗಲೇ ಸರಿ ಸಂಖ್ಯೆಯ ಪುಟಗಳಲ್ಲಿ ರೋಮನ್ ಭಾಗದ ಫೂಟರ್, ಬೆಸ ಪುಟಗಳಲ್ಲಿ ಹೊಸದು ಎಂಬ ವಿಚಿತ್ರ ಕಾಣುವುದು.

ಅಧ್ಯಾಯ ಬದಲಾದಾಗೆಲ್ಲ ಎಣಿಕೆ 1ಕ್ಕೆ ಹಾರುತ್ತಿದ್ದರೆ ಆ ಸೆಕ್ಷನ್‌ನ 'ಫಾರ್ಮ್ಯಾಟ್ ಪೇಜ್ ನಂಬರ್ಸ್'ನಲ್ಲಿ 'ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್' ಆಯ್ದುಕೊಳ್ಳಿ. ಬೇರೆ ಬೇರೆ ಕಡತದಿಂದ ಅಧ್ಯಾಯಗಳನ್ನು ಕಾಪಿ ಮಾಡಿ ತಂದಾಗ ಅವುಗಳ ಜೊತೆ ಸೆಕ್ಷನ್ ಬ್ರೇಕೂ, 1ರಿಂದ ಶುರು ಎಂಬ ಆಜ್ಞೆಯೂ ಬಂದಿರುತ್ತವೆ.

ಬೇಡದ ಸೆಕ್ಷನ್ ಬ್ರೇಕ್ ಅಳಿಸುವಾಗ ಕೈ ತಡೆದು ಅಳಿಸಿ. ಒಂದು ಸೆಕ್ಷನ್‌ನ ಅಂಚು, ಫೂಟರ್, ಸಂಖ್ಯೆಯ ರೀತಿ ಎಲ್ಲವೂ ಅದರ ಕೊನೆಯಲ್ಲಿರುವ ಬ್ರೇಕ್‌ನಲ್ಲಿ ಅಡಗಿರುತ್ತವೆ. ಅದನ್ನು ಅಳಿಸಿದರೆ ಮೇಲಿನ ಭಾಗ ಕೆಳಗಿನ ಭಾಗದ ರೂಪ ತಾಳುತ್ತದೆ. ರೋಮನ್ ಇದ್ದ ಪುಟಗಳು ಸದ್ದಿಲ್ಲದೆ 1, 2, 3 ಆಗುತ್ತವೆ. ಕಂಡ ತಕ್ಷಣ ಕಂಟ್ರೋಲ್ ಮತ್ತು ಝಡ್.

ಸಂಖ್ಯೆ ಸರಿಯಾದ ಮೇಲೆ ಪರಿವಿಡಿಯ ಮೇಲೆ ಬಲ ಕ್ಲಿಕ್, 'ಅಪ್‌ಡೇಟ್ ಫೀಲ್ಡ್', ಅದರಲ್ಲಿ 'ಅಪ್‌ಡೇಟ್ ಎಂಟೈರ್ ಟೇಬಲ್'. ಪರಿವಿಡಿ ತಾನಾಗಿ ಬದಲಾಗುವುದಿಲ್ಲ. ಕೈಯಲ್ಲಿ ಚುಕ್ಕೆ ಹಾಕಿ ಟೈಪ್ ಮಾಡಿದ ಪರಿವಿಡಿ ಇದ್ದರಂತೂ ಒಂದು ಸಾಲು ಸೇರಿಸಿದಾಗೆಲ್ಲ ಪೂರ್ತಿ ತಿದ್ದಬೇಕು. ಶೀರ್ಷಿಕೆಗಳಿಗೆ 'ಹೆಡಿಂಗ್ 1', 'ಹೆಡಿಂಗ್ 2' ಶೈಲಿ ಕೊಟ್ಟು 'ರೆಫರೆನ್ಸಸ್' ಪಟ್ಟಿಯಿಂದ ಪರಿವಿಡಿ ತರಿಸಿಕೊಳ್ಳುವುದೇ ಮೇಲು.

ಅಡ್ಡ ಪುಟ

ಪಾವಗಡ ತಾಲೂಕಿನ ಕೊಳವೆಬಾವಿಗಳ ಪಟ್ಟಿ ಹನ್ನೆರಡು ಕಾಲಂ ಇದೆ, ನೆಟ್ಟಗಿನ ಪುಟಕ್ಕೆ ಹಿಡಿಯುವುದಿಲ್ಲ, ಅಡ್ಡ ಪುಟ ಬೇಕು. ಕೋಷ್ಟಕದ ಮುಂಚೆ ಒಂದು, ಆದಮೇಲೆ ಒಂದು ಸೆಕ್ಷನ್ ಬ್ರೇಕ್ ಹಾಕಿ, ನಡುವಿನದಕ್ಕೆ 'ಲ್ಯಾಂಡ್‌ಸ್ಕೇಪ್' ಕೊಡುತ್ತೀರಿ. ಈಗ ಪುಟ ಸಂಖ್ಯೆ ಉದ್ದದ ಬದಿಯ ಮಧ್ಯದಲ್ಲಿ ಕೂರುತ್ತದೆ. ಬೈಂಡ್ ಆದ ಮೇಲೆ ಪುಸ್ತಕ ಹಿಡಿದು ನೋಡಿದರೆ ಆ ಒಂದು ಪುಟದ ಸಂಖ್ಯೆ ಮಾತ್ರ ಬಲ ಅಂಚಿನಲ್ಲಿ ಮಲಗಿರುತ್ತದೆ.

ಸರಿಪಡಿಸಬೇಕೆಂದರೆ: ಅಡ್ಡ ಪುಟದ ಫೂಟರ್‌ನಲ್ಲೂ, ಅದರ ನಂತರದ ಸೆಕ್ಷನ್‌ನ ಫೂಟರ್‌ನಲ್ಲೂ ಲಿಂಕ್ ಕಡಿಯಿರಿ. ಎರಡನೆಯದನ್ನು ಮರೆತರೆ ಮುಂದಿನ ಪುಟಗಳ ಸಂಖ್ಯೆಯೂ ಹೋಗುತ್ತದೆ. ಅಡ್ಡ ಪುಟದ ಫೂಟರ್‌ನ ಅಂಕಿ ಅಳಿಸಿ. ಫೂಟರ್ ಒಳಗೇ ಇದ್ದುಕೊಂಡು 'ಇನ್ಸರ್ಟ್', 'ಟೆಕ್ಸ್ಟ್ ಬಾಕ್ಸ್' ಮೂಲಕ ಸಣ್ಣದೊಂದು ಪೆಟ್ಟಿಗೆ ಬರೆದು ಅಡ್ಡ ಪುಟದ ಎಡ ಅಂಚಿನ ನಡುವೆ ಎಳೆದಿಡಿ. ಪೆಟ್ಟಿಗೆಯೊಳಗೆ 'ಇನ್ಸರ್ಟ್', 'ಕ್ವಿಕ್ ಪಾರ್ಟ್ಸ್', 'ಫೀಲ್ಡ್', 'ಪೇಜ್'. ಆಮೇಲೆ 'ಟೆಕ್ಸ್ಟ್ ಡೈರೆಕ್ಷನ್'ನಲ್ಲಿ 90 ಡಿಗ್ರಿ ತಿರುಗಿಸಿ, ಪೆಟ್ಟಿಗೆಯ ಗೆರೆ ತೆಗೆಯಿರಿ. ಎಡ ಅಂಚೇ ಏಕೆಂದರೆ, ಅಡ್ಡ ಪುಟದ ತಲೆ ಬೈಂಡಿಂಗ್ ಕಡೆಗೆ ಬರಬೇಕು. ಹಾಗೆ ಕೂರಿಸಿದಾಗ ಅದರ ಎಡ ಅಂಚೇ ಪುಸ್ತಕದ ಬುಡವಾಗುತ್ತದೆ.

ಒಂದೇ ಅಡ್ಡ ಪುಟ ಇದ್ದರೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ, ಬೇಡ. ಕೋಷ್ಟಕವನ್ನು ಚಿತ್ರವಾಗಿ ಅಂಟಿಸಿ 90 ಡಿಗ್ರಿ ತಿರುಗಿಸಿದರೆ ಪುಟ ನೆಟ್ಟಗೇ ಇರುತ್ತದೆ, ಫೂಟರ್ ತಂಟೆಗೆ ಹೋಗಬೇಕಿಲ್ಲ.

ನುಡಿ ಫಾಂಟ್ ಮತ್ತು ಕನ್ನಡ ಅಂಕಿ

ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಕಡತಗಳಲ್ಲಿ ಮುನ್ನುಡಿಯ ರೋಮನ್ ಅಂಕಿ ಕೆಡುವುದು ಸಾಮಾನ್ಯ. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದಾರೆ. ಇಂಗ್ಲಿಷ್ ಐ ಇದ್ದಲ್ಲಿ ಯಕಾರದ ಅರ್ಧ, ವಿ ಇದ್ದಲ್ಲಿ ತಲೆಕಟ್ಟಿಲ್ಲದ ತ. ಫೂಟರ್‌ಗೂ ಅದೇ ಫಾಂಟ್ ಹತ್ತಿಕೊಂಡಾಗ ರೋಮನ್ ನಾಲ್ಕರ ಬದಲು ಮುರುಕು ಯಕಾರ, ಬೋಳು ತಕಾರ ಅಚ್ಚಾಗುತ್ತವೆ. ಸಂಖ್ಯೆ ತಪ್ಪಿಲ್ಲ, ಫಾಂಟ್ ತಪ್ಪು. ಫೂಟರ್‌ನ ಅಂಕಿಯನ್ನು ಮಾತ್ರ ಆಯ್ದು ಟೈಮ್ಸ್ ನ್ಯೂ ರೋಮನ್ ಕೊಡಿ.

ಇದೇ ಗುಣ ಒಂದು ಕಡೆ ಉಪಕಾರಕ್ಕೂ ಬರುತ್ತದೆ. ನುಡಿ ಫಾಂಟ್‌ಗಳ ಹೆಸರಿನ ಕೊನೆಯಲ್ಲಿ ಇಂಗ್ಲಿಷ್ ಇ ಇದ್ದರೆ ಅಂಕಿ 1, 2, 3 ಎಂದು ಬರುತ್ತವೆ, ಕೆ ಇದ್ದರೆ ೧, ೨, ೩ ಎಂದು. ಕಾವ್ಯ ಸಂಕಲನ, ಶಾಲೆಯ ಸ್ಮರಣ ಸಂಚಿಕೆ, ಜಾತ್ರೆಯ ಕಿರುಹೊತ್ತಗೆಗಳಲ್ಲಿ ಕನ್ನಡ ಅಂಕಿಯೇ ಬೇಕೆಂದರೆ ಫೂಟರ್‌ನ ಫೀಲ್ಡ್‌ಗೆ ನುಡಿ 01 ಕೆ ಕೊಟ್ಟರಾಯಿತು. ಯೂನಿಕೋಡ್ ಕಡತದಲ್ಲೂ ಫೂಟರ್‌ಗಷ್ಟೇ ಈ ಉಪಾಯ ನಡೆಯುತ್ತದೆ. ವರ್ಡ್‌ನ ಸಂಖ್ಯಾ ರೀತಿಗಳ ಪಟ್ಟಿಯಲ್ಲಿ ಕನ್ನಡ ಅಂಕಿ ಹುಡುಕಿ ಹೊತ್ತು ಕಳೆಯಬೇಡಿ. ಪರಿವಿಡಿಯ ಅಂಕಿಗಳಿಗೂ ಅದೇ ಫಾಂಟ್ ಕೊಡುವುದನ್ನು ಮರೆಯಬಾರದು. ಇಲ್ಲವಾದರೆ ಪುಟದಲ್ಲಿ ೪೧, ಪರಿವಿಡಿಯಲ್ಲಿ 41.

'ಪುಟ 5, ಒಟ್ಟು 60'

ಟೆಂಡರ್, ಕರಾರು, ಸಭೆಯ ನಿರ್ಣಯ ಇಂಥವಕ್ಕೆ ಒಟ್ಟು ಪುಟ ತೋರಿಸುವುದು ಒಳ್ಳೆಯದು. ನಡುವಿನ ಹಾಳೆ ಕಾಣೆಯಾದರೆ ಗೊತ್ತಾಗುತ್ತದೆ. 'ಪೇಜ್ ನಂಬರ್' ಪಟ್ಟಿಯಲ್ಲಿ 'ಪೇಜ್ ಎಕ್ಸ್ ಆಫ್ ವೈ' ಸಿದ್ಧವಾಗಿದೆ. ಆದರೆ ಅದರ ಒಟ್ಟು ಲೆಕ್ಕ ಕಡತದ ಎಲ್ಲ ಪುಟಗಳದ್ದು, ಮುಖಪುಟ, ರೋಮನ್ ಪುಟಗಳೂ ಸೇರಿ. 8 ರೋಮನ್ ಪುಟ, 60 ಮುಖ್ಯ ಪುಟ ಇದ್ದರೆ ಕೊನೆಯ ಪುಟದಲ್ಲಿ '60, ಒಟ್ಟು 68' ಎಂದು ಬಂದು ಎಂಟು ಪುಟ ಕಳೆದುಹೋದ ಹಾಗೆ ಕಾಣುತ್ತದೆ.

ಪರಿಹಾರ ಹೀಗೆ: ಕಡತದ ಕೊನೆಯ ಸಾಲಿನಲ್ಲಿ ಕರ್ಸರ್ ಇಟ್ಟು 'ಇನ್ಸರ್ಟ್', 'ಬುಕ್‌ಮಾರ್ಕ್'ನಲ್ಲಿ ಒಂದು ಹೆಸರು ಕೊಡಿ, ಹೆಸರಿನ ನಡುವೆ ಜಾಗ ಬಿಡಬಾರದು. ಫೂಟರ್‌ಗೆ ಬಂದು 'ಒಟ್ಟು' ಎಂಬುದರ ಮುಂದೆ 'ಇನ್ಸರ್ಟ್', 'ಕ್ರಾಸ್ ರೆಫರೆನ್ಸ್', 'ಬುಕ್‌ಮಾರ್ಕ್', 'ಪೇಜ್ ನಂಬರ್' ಆಯ್ದು ಆ ಹೆಸರನ್ನು ತೋರಿಸಿ. ಕೊನೆಯ ಪುಟದಲ್ಲಿ ಅಚ್ಚಾಗುವ ಸಂಖ್ಯೆಯೇ ಇಲ್ಲಿಗೂ ಬರುತ್ತದೆ.

ಉಳಿದ ತಂತ್ರಾಂಶಗಳು, ಚುಟುಕಾಗಿ

ಲಿಬ್ರೆಆಫೀಸ್ ರೈಟರ್‌ನಲ್ಲಿ ಸೆಕ್ಷನ್ ಬದಲು ಪೇಜ್ ಸ್ಟೈಲ್ (ಪುಟದ ರೂಪಕ್ಕೆ ಕೊಡುವ, ಹೆಸರಿಟ್ಟ ಶೈಲಿ). ಮೊದಲ ಅಧ್ಯಾಯದ ಮುಂಚೆ 'ಇನ್ಸರ್ಟ್', 'ಮೋರ್ ಬ್ರೇಕ್ಸ್', 'ಮ್ಯಾನ್ಯುಯಲ್ ಬ್ರೇಕ್' ತೆರೆದು ಬೇರೊಂದು ಪೇಜ್ ಸ್ಟೈಲ್ ಆಯ್ದು 'ಚೇಂಜ್ ಪೇಜ್ ನಂಬರ್'ಗೆ 1 ಕೊಡಿ. ರೈಟರ್ ಬೆಸ ಸಂಖ್ಯೆಯನ್ನು ಯಾವತ್ತೂ ಬಲಪುಟ ಎಂದೇ ಎಣಿಸುತ್ತದೆ. ಹಿಂದಿನ ಪುಟವೂ ಬೆಸವಾಗಿದ್ದರೆ ನಡುವೆ ತಾನೇ ಒಂದು ಖಾಲಿ ಪುಟ ಸೇರಿಸುತ್ತದೆ. ಪರದೆಯ ಮೇಲೆ ಕಾಣದು, ಪ್ರಿಂಟ್‌ನಲ್ಲಿ ಬರುತ್ತದೆ. ಬೇಡವಾದರೆ ಪ್ರಿಂಟ್ ಆಯ್ಕೆಗಳಲ್ಲಿ, ತಾನಾಗಿ ಸೇರಿಸಿದ ಖಾಲಿ ಪುಟ ಅಚ್ಚಾಗಲಿ ಎಂಬ ಗುರುತು ತೆಗೆಯಿರಿ.

ಗೂಗಲ್ ಡಾಕ್ಸ್‌ನಲ್ಲಿ 'ಇನ್ಸರ್ಟ್', 'ಪೇಜ್ ಎಲಿಮೆಂಟ್ಸ್', 'ಪೇಜ್ ನಂಬರ್ಸ್'. ಸಂಖ್ಯೆಯೇ ಕಾಣದಿದ್ದರೆ ಕಡತ 'ಪೇಜ್‌ಲೆಸ್' ರೂಪದಲ್ಲಿದೆ, 'ಫೈಲ್', 'ಪೇಜ್ ಸೆಟಪ್'ನಲ್ಲಿ 'ಪೇಜಸ್' ಮಾಡಿ. ರೋಮನ್ ಅಂಕಿ ಬೇಕಿರುವ ಪ್ರಬಂಧಕ್ಕೆ ಇದು ಹೊಂದುವುದಿಲ್ಲ; ವರ್ಡ್ ಕಡತವಾಗಿ ಇಳಿಸಿಕೊಂಡು ಅಲ್ಲಿ ಹಾಕಿ.

ಎಕ್ಸೆಲ್‌ನಲ್ಲಿ 'ಪೇಜ್ ಸೆಟಪ್', 'ಹೆಡರ್/ಫೂಟರ್'. ಪಂಚಾಯಿತಿ ಕಾಮಗಾರಿ ಪಟ್ಟಿಯಂತೆ ವಾರ್ಡಿಗೊಂದು ಶೀಟ್ ಇದ್ದರೆ ಒಂದೊಂದನ್ನೇ ಪ್ರಿಂಟ್ ಮಾಡಿದಾಗ ಪ್ರತಿ ಶೀಟೂ 1ರಿಂದ ಶುರು. ಕೆಳಗಿನ ಶೀಟ್ ಹೆಸರುಗಳನ್ನು ಕಂಟ್ರೋಲ್ ಹಿಡಿದು ಎಲ್ಲವನ್ನೂ ಆಯ್ದು ಒಟ್ಟಿಗೆ ಪ್ರಿಂಟ್ ಕೊಟ್ಟರೆ ಎಣಿಕೆ ಮುಂದುವರಿಯುತ್ತದೆ. ಬೇರೆ ಸಂಖ್ಯೆಯಿಂದ ಶುರುವಾಗಬೇಕಾದರೆ 'ಫಸ್ಟ್ ಪೇಜ್ ನಂಬರ್'ನಲ್ಲಿ 'ಆಟೋ' ಅಳಿಸಿ ಅಂಕಿ ಬರೆಯಿರಿ.

ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್ ಇದ್ದರೆ ಎಲ್ಲ ಪುಟಗಳಿಗೂ ಮಾದರಿಯಾಗುವ ಮಾಸ್ಟರ್ ಪೇಜ್‌ಗೆ ಹೋಗಿ ಎಡಕ್ಕೂ ಬಲಕ್ಕೂ ಒಂದೊಂದು ಟೆಕ್ಸ್ಟ್ ಇಟ್ಟು ಕಂಟ್ರೋಲ್, ಆಲ್ಟ್, ಪಿ. ಎಡದಲ್ಲಿ ಎಲ್‌ಎಂ, ಬಲದಲ್ಲಿ ಆರ್‌ಎಂ ಎಂದು ಬಂದರೆ ಕೆಲಸ ಆಯಿತು. ಶುರುವಿನ ಸಂಖ್ಯೆ 'ಡಾಕ್ಯುಮೆಂಟ್ ಸೆಟಪ್'ನಲ್ಲಿದೆ.

ಜೋಡಿಸಿದ ಪಿಡಿಎಫ್‌ಗೆ

ಗುಬ್ಬಿ ಕಡೆಯ ಜಮೀನಿನ ದಾವೆ, ಅಥವಾ ಪುಟಕ್ಕೆ 2 ರೂಪಾಯಿ ಕಟ್ಟಿ ಪಡೆದ ಮಾಹಿತಿ ಹಕ್ಕಿನ ಪ್ರತಿಗಳ ಕಂತೆ. ಇಂಥದ್ದನ್ನು ವರ್ಡ್‌ನಲ್ಲಿ ತೆರೆಯಲೇಬೇಡಿ. ವರ್ಡ್ ಪಿಡಿಎಫನ್ನು ತೆರೆಯುತ್ತದೆ ನಿಜ, ಆದರೆ ಬಿಡಿಸಿ ಮತ್ತೆ ಕಟ್ಟುತ್ತದೆ. ಕನ್ನಡದ ಒತ್ತಕ್ಷರ ಒಡೆಯುತ್ತವೆ, ಕೋಷ್ಟಕ ಚದುರುತ್ತದೆ. ಪಹಣಿಯ ಒಂದು ಅಂಕಿ ಆಚೀಚೆಯಾದರೂ ದಾಖಲೆ ಕೆಟ್ಟಂತೆ.

ಮೊದಲು ಸ್ಕ್ಯಾನ್ ಪುಟಗಳೆಲ್ಲ ನೆಟ್ಟಗಿವೆಯೇ ನೋಡಿ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದ ಕೆಲವು ಪುಟ ಮೂಲದಲ್ಲಿ ಅಡ್ಡವಾಗಿದ್ದು, ತಿರುಗಿಸಿ ತೋರಿಸು ಎಂಬ ಗುರುತು ಮಾತ್ರ ಹೊತ್ತಿರುತ್ತವೆ. ಕೆಲವು ತಂತ್ರಾಂಶಗಳು ಆ ಗುರುತನ್ನು ಗಮನಿಸದೆ ಸಂಖ್ಯೆ ಹಾಕಿದಾಗ ಅದು ಪಕ್ಕದ ಅಂಚಿಗೆ ಮಲಗಿ ಬೀಳುತ್ತದೆ. ಗಾತ್ರವೂ ಒಂದೇ ಇರಲಿ. ಎ4 ಹಾಳೆ 210 ಗುಣಿಸು 297 ಮಿಲಿಮೀಟರ್, ಲೀಗಲ್ ಹಾಳೆ 216 ಗುಣಿಸು 356. ಎರಡೂ ಬೆರೆತಿದ್ದರೆ ಕೆಳಗಿನ ಅಂಚಿನ ಸಂಖ್ಯೆ ಕಂತೆ ತಿರುವುವಾಗ ಮೇಲೆ ಕೆಳಗೆ ಕುಣಿಯುತ್ತದೆ. ಇಂಥ ಕಂತೆಗೆ ಬಲ ಮೇಲ್ಮೂಲೆಯೇ ವಾಸಿ. ಕಡತವನ್ನು ಎಡ ಮೇಲ್ಮೂಲೆಯಲ್ಲಿ ತೂತು ಹಾಕಿ ಟ್ಯಾಗ್ ಕಟ್ಟುವುದರಿಂದ ಬಲಮೂಲೆ ಯಾವತ್ತೂ ಕಣ್ಣಿಗೆ ಬೀಳುತ್ತದೆ.

ಆಮೇಲೆ ಒಂದೇ ಪಿಡಿಎಫ್ ಮಾಡಿ. ವಿಂಡೋಸ್‌ನಲ್ಲಿ ಪಿಡಿಎಫ್24 ಎಂಬ ತಂತ್ರಾಂಶ ಉಚಿತ; ಕಂಪ್ಯೂಟರ್‌ಗೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಜೋಡಿಸುತ್ತದೆ, ಪುಟ ಸಂಖ್ಯೆಯನ್ನೂ ಹಾಕುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಕ್ರಯಪತ್ರ ಇರುವ ಕಂತೆಯನ್ನು ಕಂಡ ಕಂಡ ಜಾಲತಾಣಕ್ಕೆ ಏರಿಸಿ ಸಂಖ್ಯೆ ಹಾಕಿಸುವುದಕ್ಕಿಂತ ಇದು ಎಷ್ಟೋ ಲೇಸು. ಅಡೋಬಿಯ ಉಚಿತ ರೀಡರ್‌ನಲ್ಲಿ ಈ ಕೆಲಸ ಆಗದು. ಅಕ್ರೊಬ್ಯಾಟ್ ಪ್ರೊ ಇದ್ದರೆ 'ಎಡಿಟ್ ಪಿಡಿಎಫ್', 'ಹೆಡರ್ ಅಂಡ್ ಫೂಟರ್', 'ಆ್ಯಡ್'. ಅದರ 'ಅಪಿಯರೆನ್ಸ್ ಆಪ್ಷನ್ಸ್'ನಲ್ಲಿ ಪುಟವನ್ನು ಸ್ವಲ್ಪ ಕುಗ್ಗಿಸಿ ಸಂಖ್ಯೆಗೆ ಜಾಗ ಮಾಡುವ ಆಯ್ಕೆ ಇದೆ. ಅಂಚಿನವರೆಗೂ ಬರಹ ಇರುವ ಹಳೇ ಸ್ಕ್ಯಾನ್‌ಗಳಿಗೆ ಉಪಯೋಗ. ಸಾವಿರಾರು ಪುಟದ ಕಡತಕ್ಕೆ ಆರಂಕಿಯ ಕ್ರಮ ಬೇಕಾದರೆ ಅಲ್ಲೇ 'ಬೇಟ್ಸ್ ನಂಬರಿಂಗ್' ಇದೆ. 1890ರ ದಶಕದಲ್ಲಿ ಎಡ್ವಿನ್ ಬೇಟ್ಸ್ ಪೇಟೆಂಟ್ ಪಡೆದ, ಒತ್ತಿದಂತೆಲ್ಲ ಅಂಕಿ ಮುಂದಕ್ಕೆ ಉರುಳುವ ಕೈ ಯಂತ್ರದ ಹೆಸರು ಅದು. ಕಚೇರಿಗಳಲ್ಲಿ ಇವತ್ತಿಗೂ ಟಕ್ ಟಕ್ ಎನ್ನುವ ನಂಬರಿಂಗ್ ಮಷಿನ್ ಅದರ ವಂಶದ್ದೇ.

ಸಂಖ್ಯೆ ಹಾಕುವ ಮುಂಚೆ ಮೂಲ ಕಡತದ ಒಂದು ಪ್ರತಿ ತೆಗೆದಿಡಿ. ವಕೀಲರು ಕೊನೇ ಗಳಿಗೆಯಲ್ಲಿ ನಡುವೆ ಎರಡು ಪುಟ ಸೇರಿಸಿ ಎನ್ನುತ್ತಾರೆ. ಆಗ ಸಂಖ್ಯೆ ಬಿದ್ದ ಕಡತದ ಮೇಲೆ ಮತ್ತೆ ಹಾಕಿದರೆ ಅಂಕಿಯ ಮೇಲೆ ಅಂಕಿ ಕೂತು 17 ಯಾವುದು, 19 ಯಾವುದು ತಿಳಿಯದು. ಮೂಲದಲ್ಲಿ ಸೇರಿಸಿ ಹೊಸದಾಗಿ ಹಾಕುವುದು ಎರಡು ನಿಮಿಷದ ಕೆಲಸ.

ಡಿಜಿಟಲ್ ಸಹಿ ಇರುವ ಪಿಡಿಎಫ್ ಇದ್ದರೆ ಎಚ್ಚರ. ಸಹಿಯಾದ ಮೇಲೆ ಪುಟದ ಮೇಲೆ ಏನು ಬರೆದರೂ, ಒಂದು ಅಂಕಿಯೇ ಆಗಲಿ, ಸಹಿ ಅಸಿಂಧು ಎಂದು ತೋರಿಸುತ್ತದೆ. ಬೇರೆ ಪಿಡಿಎಫ್ ಜೊತೆ ಜೋಡಿಸಿದರೂ ಅಷ್ಟೇ. ಸಹಿ ಇರುವ ಮೂಲವನ್ನು ಮುಟ್ಟದೆ ಬೇರೆಯಾಗಿ ಇಟ್ಟುಕೊಳ್ಳಿ, ಕಂತೆಗೆ ಅದರ ಪ್ರತಿ ಸೇರಿಸಿ.

ಕಾಗದದಲ್ಲೇ ಕೊಡುವುದಾದರೆ ಇನ್ನೊಂದು ದಾರಿ, ಅನುಭವಿ ಡಿಟಿಪಿಯವರು ಬಳಸುವುದು. ವರ್ಡ್‌ನಲ್ಲಿ ಹೊಸ ಕಡತ ತೆರೆದು ಬಲ ಮೇಲ್ಮೂಲೆಗೆ ಸಂಖ್ಯೆ ಹಾಕಿ. ಕಂಟ್ರೋಲ್ ಮತ್ತು ಎಂಟರ್ ಒಮ್ಮೆ ಒತ್ತಿ, ನಂತರ ಎಫ್4 ಒತ್ತುತ್ತಾ ಹೋದರೆ ಬೇಕಾದಷ್ಟು ಖಾಲಿ ಪುಟ ಬರುತ್ತವೆ. ಈಗಾಗಲೇ ಅಚ್ಚಾದ ಹಾಳೆಗಳನ್ನೇ ಪ್ರಿಂಟರ್ ಟ್ರೇಗೆ ಮತ್ತೆ ಹಾಕಿ ಈ ಖಾಲಿ ಕಡತ ಪ್ರಿಂಟ್ ಕೊಡಿ. ಮೊದಲು ಒಂದು ರದ್ದಿ ಹಾಳೆಯ ಮೂಲೆಗೆ ಪೆನ್ಸಿಲ್‌ನಲ್ಲಿ ಗುಣಾಕಾರ ಗುರುತು ಹಾಕಿ ಬಿಟ್ಟು, ಯಾವ ಮುಖ ಮೇಲೆ, ಯಾವ ತುದಿ ಒಳಗೆ ಎಂದು ಖಚಿತಪಡಿಸಿಕೊಳ್ಳಿ. ಲೇಸರ್‌ನಿಂದ ಆಗಷ್ಟೇ ಬಂದ ಹಾಳೆ ಸುರುಳಿ ಸುತ್ತಿರುತ್ತದೆ, ತಕ್ಷಣ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ತಣ್ಣಗಾಗಲಿ, ತೂಕ ಇಟ್ಟು ಚಪ್ಪಟೆ ಮಾಡಿ, 20–25 ಹಾಳೆಯಂತೆ ಬಿಡಿ.

ಅಂಗಡಿಗೆ ಹೋಗುವ ಮುನ್ನ

ವರ್ಡ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಡಿ, ಪಿಡಿಎಫ್ ಮಾಡಿ ಒಯ್ಯಿರಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಪುಟಕ್ಕೆ ಒಂದೆರಡು ಸಾಲು ಹೆಚ್ಚಾದರೂ ಸಾಕು, ನೂರು ಪುಟದಲ್ಲಿ ಮೂರ್ನಾಲ್ಕು ಪುಟ ಜರುಗುತ್ತವೆ. ಪರಿವಿಡಿ ಮಾತ್ರ ಹಳೇ ಸಂಖ್ಯೆಯನ್ನೇ ಹಿಡಿದುಕೊಂಡಿರುತ್ತದೆ. ಪರಿವಿಡಿಯ 41, ಒಳಗಿನ 44 ಆಗುವುದು ಹೆಚ್ಚಾಗಿ ಹೀಗೆಯೇ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಎಂದು ಕಳಿಸಿ, ಪುಟಗಳ ಫೋಟೋ ಅಲ್ಲ.

ಅಂಚಿನ ಲೆಕ್ಕ: ಬೈಂಡಿಂಗ್ ಬದಿಗೆ 3.8 ಸೆಂಟಿಮೀಟರ್, ಉಳಿದ ಮೂರು ಬದಿಗೆ 2.5. ಸಂಖ್ಯೆ ಕಾಗದದ ಬುಡದಿಂದ ಕನಿಷ್ಠ 1.25 ಸೆಂಟಿಮೀಟರ್ ಮೇಲಿರಲಿ. ವರ್ಡ್ ತಾನಾಗಿ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಜಾಗ ಉಳಿಸಲು ಅದನ್ನು 0.5ಕ್ಕೆ ಇಳಿಸಿದರೆ ಎರಡು ಕಂಟಕ. ಮಾಮೂಲಿ ಪ್ರಿಂಟರ್‌ಗಳು ಅಂಚಿನ ನಾಲ್ಕೈದು ಮಿಲಿಮೀಟರ್ ಅಚ್ಚು ಮಾಡುವುದಿಲ್ಲ. ಹಾರ್ಡ್ ಬೈಂಡಿಂಗ್‌ನಲ್ಲಿ ಹೊಲಿದ ಮೇಲೆ ಮೂರು ಬದಿಯನ್ನೂ ಕತ್ತರಿಸುವುದರಿಂದ ಇನ್ನಷ್ಟು ಹೋಗುತ್ತದೆ. ಅಂಕಿಯ ಕಾಲು ಕತ್ತರಿಸಿಹೋದ ಪ್ರಬಂಧಗಳು ಗ್ರಂಥಾಲಯದ ಕಪಾಟುಗಳಲ್ಲಿ ಬೇಕಾದಷ್ಟಿವೆ.

ಅಂಗಡಿಯಲ್ಲಿ ಹೇಳಬೇಕಾದ್ದು ಇಷ್ಟು: "ಅಣ್ಣಾ, ಎ4, ಆ್ಯಕ್ಚುಯಲ್ ಸೈಜ್ ಕೊಡಿ, ಫಿಟ್ ಹಾಕಬೇಡಿ." ಫಿಟ್ ಹಾಕಿದರೆ ಪುಟ ಸ್ವಲ್ಪ ಕುಗ್ಗಿ, ಆಮೇಲೆ ಬದಲಾಯಿಸಿ ಅಚ್ಚು ಮಾಡಿದ ಪುಟಗಳ ಸಂಖ್ಯೆ ಉಳಿದವುಗಳ ಸಾಲಿಗೆ ಬರುವುದಿಲ್ಲ. ಒಂದೇ ಪುಟ ಮತ್ತೆ ಬೇಕಾದಾಗ ಪಿಡಿಎಫ್‌ನ ಪ್ರಿಂಟ್ ಪೆಟ್ಟಿಗೆಯಲ್ಲಿ ಕೇಳುವುದು ಸಾಮಾನ್ಯವಾಗಿ ಕಡತದೊಳಗಿನ ಕ್ರಮಸಂಖ್ಯೆ, ಫೂಟರ್‌ನ ಸಂಖ್ಯೆಯಲ್ಲ. 8 ರೋಮನ್ ಪುಟ ಇದ್ದರೆ ಫೂಟರ್‌ನ 41ಕ್ಕೆ 49 ಎಂದು ಕೊಡಬೇಕು. ವರ್ಡ್‌ನಿಂದಲೇ ತೆಗೆಯುವುದಾದರೆ ಎರಡನೇ ಸೆಕ್ಷನ್‌ನ 41ನೇ ಪುಟಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಪಿ41ಎಸ್2 ಎಂದು ಬರೆಯಿರಿ, ರೋಮನ್ ಭಾಗದ್ದು ಗಂಟು ಬೀಳುವುದಿಲ್ಲ.

ಪ್ರಿಂಟ್ ಆದ ಮೇಲೆ, ಬೈಂಡಿಂಗ್‌ಗೆ ಕೊಡುವ ಮೊದಲು, ಐದು ಕಡೆ ತೆಗೆದು ನೋಡಿ: ಮುಖಪುಟ, ರೋಮನ್‌ನ ಕೊನೆಯ ಪುಟ, ಮೊದಲ ಅಧ್ಯಾಯದ 1, ಅಡ್ಡ ಪುಟ ಮತ್ತು ಅದರ ಮುಂದಿನದು, ಕಟ್ಟಕಡೆಯದು. ಪರಿವಿಡಿಯಿಂದ ಯಾವುದಾದರೂ ಮೂರು ಶೀರ್ಷಿಕೆ ಆರಿಸಿ ಪುಟಕ್ಕೆ ತಾಳೆ ಹಾಕಿ. ಸ್ಪೈರಲ್ ಆದರೆ ಬಿಚ್ಚಿ ಒಂದು ಹಾಳೆ ಬದಲಾಯಿಸಬಹುದು, ಹಾರ್ಡ್ ಬೈಂಡಿಂಗ್‌ನಲ್ಲಿ ಅಂಟು ಹಾಕಿದ ಮೇಲೆ ಹೊಸ ಪ್ರತಿಯೇ ಗತಿ.